ಎಣ್ಣೆ ಬಿಡುವುದು

ಹರಿಹರ
12 ಆಗಸ್ಟ್ 2024

ಸುಧಾ,

ಸಂಜೆ ಆರೂವರೆ. ಇವತ್ತು ಗಾಣ ಮತ್ತೆ ಶುರುವಾಯಿತು.

ನಿಮ್ಮ ಅಣ್ಣ ಹೋದ ದಿನ ಅರ್ಧಕ್ಕೆ ನಿಲ್ಲಿಸಿದ ಗಾಣ. ಒಳಗೆ ಹಿಂಡಿ ಹಾಗೇ ಇದೆ, ತೆಗೆಯಬೇಕು ಎಂದು ಆವತ್ತು ಯಾರಿಗೆ ನೆನಪಿರುತ್ತದೆ? ಎರಡು ತಿಂಗಳು ನಿಂತು ನಿಂತು ಅದು ಕಲ್ಲಾಗಿತ್ತು. ಗಾಣ ಆಡಿಸುವ ಮಕ್ತುಮ್ ಸಾಬ್ ಗುತ್ತೂರಿನಿಂದ ಬರುವಾಗಲೇ ಉಳಿ, ಸುತ್ತಿಗೆ ತಂದಿದ್ದರು. "ಅಮ್ಮಾರೆ, ನೀವು ಒಳಗೆ ಹೋಗ್ರಿ, ಈ ಸದ್ದು ಕೇಳಬ್ಯಾಡ್ರಿ" ಅಂದರು. ನಾನು ಹೋಗಲಿಲ್ಲ. ಅವರು ಕೆತ್ತುತ್ತ ಹೋದರು, ನಾನು ಚೂರುಗಳನ್ನು ಬುಟ್ಟಿಗೆ ತುಂಬುತ್ತ ಹೋದೆ. ಅದು ನಿಮ್ಮ ಅಣ್ಣ ಕೈಯಾರೆ ಹಾಕಿದ್ದ ಶೇಂಗಾ. ದನಕ್ಕೂ ಹಾಕುವ ಹಾಗಿರಲಿಲ್ಲ.

ಮಧ್ಯಾಹ್ನದ ಮೇಲೆ ಹೊಸ ಕಾಳು ಹಾಕಿದೆವು. ಚೆನ್ನಾಗಿ ಎಣ್ಣೆ ಬಿಟ್ಟಿತು. ಮೊದಲ ಡಬ್ಬಿ ನಿನಗೆ.

ಫೋನ್ ಮಾಡಬಹುದಿತ್ತು. ಆದರೆ ನೀನು "ಹಲೋ" ಅನ್ನುವುದು ಥೇಟ್ ಅವರ ಹಾಗೆ. ಕೇಳಿದೊಡನೆ ಫೋನ್ ಇಟ್ಟುಬಿಡುತ್ತೇನೆ. ಅವರು ಪ್ರತಿ ತಿಂಗಳು ಎಣ್ಣೆಯ ಚೀಲದಲ್ಲಿ ನಿನಗೊಂದು ಚೀಟಿ ಇಡುತ್ತಿದ್ದರಲ್ಲ, ಅದನ್ನು ನಾನು ಮುಂದುವರಿಸುತ್ತೇನೆ. ಅವರದು ಒಂದೇ ಸಾಲು, "ಸುರಕೊಂಡು ತಿನ್ನು, ನಮ್ಮ ಗಾಣದ್ದು" ಅಂತ. ನನ್ನದು ಉದ್ದವಾಗುತ್ತದೆ. ದಿನಾ ನಾಲ್ಕು ಸಾಲು ಡೈರಿ ಬರೆಯುವ ಕೈ ಇದು, ಶಾಲೆ ಬಿಟ್ಟ ಮೇಲೆ ಉಳಿದ ಅಭ್ಯಾಸ ಅದೊಂದೇ. ತಾರಿಕ್ ತನ್ನ ಟೆಂಪೋದಲ್ಲಿ ದಾವಣಗೆರೆಯ ಅಂಗಡಿಗಳಿಗೆ ಎಣ್ಣೆ ಹಾಕಿ, ನಿನ್ನ ಮನೆಗೂ ಬಂದು ಹೋಗುತ್ತಾನೆ. ಉತ್ತರ ಬರೆದರೆ ಅವನ ಕೈಗೇ ಕೊಡು.

ನಾಳೆ ಕುಸುಬೆ ಹಾಕುತ್ತೇವೆ.

ನಿನ್ನ ಅತ್ತಿಗೆ
ಉಡಚಮ್ಮ


ವಿದ್ಯಾನಗರ, ದಾವಣಗೆರೆ
13 ಆಗಸ್ಟ್ 2024

ಅತ್ತಿಗೆಮ್ಮನವರಿಗೆ ನಮಸ್ಕಾರ.

ಡಬ್ಬಿ ತುಂಬಿದ ಹಾಗೇ ವಾಪಸ್ ಬಂತೆಂದು ಗಾಬರಿಯಾಗಬೇಡಿ, ಬೇಜಾರೂ ಮಾಡಿಕೊಳ್ಳಬೇಡಿ. ಶೇಂಗಾ ಎಣ್ಣೆ ಬಿಟ್ಟಿತು ಎಂದು ಬರೆದಿದ್ದೀರಿ. ನಾನೂ ಎಣ್ಣೆ ಬಿಟ್ಟಿದ್ದೇನೆ. ತುಪ್ಪ, ಬೆಣ್ಣೆ, ಕೊಬ್ಬರಿ, ಶೇಂಗಾಪುಡಿ ಕೂಡ. ಅಣ್ಣ ಹೋದ ಮೇಲೆ ಯಾವುದೂ ಗಂಟಲಲ್ಲಿ ಇಳಿಯುತ್ತಿಲ್ಲ.

ಹಾಸ್ಟೆಲ್ ಆಫೀಸಿನಲ್ಲಿ ಅಡ್ಮಿಷನ್ ಗಲಾಟೆ. ಹೆಚ್ಚು ಬರೆಯಲು ಆಗುತ್ತಿಲ್ಲ. ಹಿಂಡಿಯನ್ನು ನೀವೇ ಯಾಕೆ ತುಂಬಲು ಹೋದಿರಿ?

ಸುಧಾ


ಹರಿಹರ
18 ಆಗಸ್ಟ್ 2024

ಸುಧಾ,

ರಾತ್ರಿ ಊಟವಾಯಿತು. ಇವತ್ತು ಭಾನುವಾರ, ಗಾಣಕ್ಕೆ ರಜೆ. ಇಡೀ ದಿನ ನಿನ್ನ ಚೀಟಿ ಸೊಂಟದ ಚೀಲದಲ್ಲಿ ಇಟ್ಟುಕೊಂಡೇ ಓಡಾಡಿದೆ.

ತುಂಬಿದ ಡಬ್ಬಿ ನೋಡಿದಾಗ ಮೊದಲು ಕೋಪ ಬಂದದ್ದು ನಿಜ. ಚೀಟಿ ಓದಿದ ಮೇಲೆ ಡಬ್ಬಿಯ ಪಕ್ಕದಲ್ಲೇ ಕೂತುಬಿಟ್ಟೆ. ನಿನ್ನ ಅವ್ವ ಹೋದಾಗ ನಿಮ್ಮ ಅಣ್ಣ ವರ್ಷವಿಡೀ ಮಜ್ಜಿಗೆ ಬಿಟ್ಟಿದ್ದರು. ಅವ್ವನ ಕೈಯಿಂದ ದಿನಾ ಕುಡಿದದ್ದು ಅದೇ ಎಂದು. ಸತ್ತವರ ಕೈಯಿಂದ ಬರುತ್ತಿದ್ದದ್ದನ್ನು ವರ್ಷದ ತನಕ ಬಾಯಿಗೆ ಹಾಕಬಾರದು ಅನ್ನುವುದು ನಿಮ್ಮ ಮನೆತನದ ಪದ್ಧತಿ. ವರ್ಷದ ದಿನ ಎಡೆ ಇಟ್ಟ ಮೇಲೆ ನಾನೇ ಅವರ ಲೋಟಕ್ಕೆ ಮಜ್ಜಿಗೆ ಬಿಟ್ಟೆ, ಅವರು ಕುಡಿಯುತ್ತ ಅತ್ತರು. ನೀನು ಆಗ ಕಾಲೇಜಿನ ಪರೀಕ್ಷೆಯಲ್ಲಿದ್ದೆ. ನಿನಗಿದೆಲ್ಲ ನೆನಪಿರುವುದಿಲ್ಲ, ಈಗಿನವರಿಗೆ ಇದು ಬೇಕಾಗಿಯೂ ಇಲ್ಲ ಅಂದುಕೊಂಡಿದ್ದೆ. ತಪ್ಪು ತಿಳಿದಿದ್ದೆ.

ನಾನೂ ಬಿಡಬೇಕಿತ್ತು. ಆದರೆ ಗಾಣದವಳು ನಾಲಿಗೆಗೆ ಹಚ್ಚಿ ನೋಡದೆ ಎಣ್ಣೆ ಮಾರುವುದು ಹೇಗೆ? ನೀನು ಬಿಟ್ಟದ್ದರಲ್ಲಿ ನನ್ನದೂ ಸೇರಿತು ಎಂದು ತಿಳಿಯುತ್ತೇನೆ. ಇವತ್ತು ಮೊದಲ ಸಲ ಎದೆ ಸ್ವಲ್ಪ ಹಗುರ.

ಪಕ್ಕದ ಮನೆಯ ರಂಗವ್ವನಿಗೆ ಹೇಳಿದೆ. "ಈಗಿನ ಕಾಲದಾಗ ಯಾವ ತಂಗಿ ಮಾಡ್ತಾಳವ್ವ ಹಿಂಗೆ!" ಅಂತ ಕಣ್ಣು ಒರೆಸಿಕೊಂಡಳು. ಮಲೆಬೆನ್ನೂರಿನಿಂದ ನಿಮ್ಮ ಸೂರಪ್ಪ ಚಿಕ್ಕಪ್ಪ ಬಂದಿದ್ದರು, ಅವರಿಗೂ ಹೇಳಿದೆ. ಬರುವ ಜೂನಿನಲ್ಲಿ ವರ್ಷದ ದಿನ ನಿನ್ನ ಎಲೆಗೆ ಎಣ್ಣೆ ಬಿಡುವವಳು ನಾನೇ. ಅಲ್ಲಿಯವರೆಗೆ ಡಬ್ಬಿ ಕಳಿಸುವುದಿಲ್ಲ. ಚೀಟಿ ಮಾತ್ರ.

ಉಡಚಮ್ಮ


ವಿದ್ಯಾನಗರ
6 ಅಕ್ಟೋಬರ್ 2024

ಅತ್ತಿಗೆಮ್ಮನವರಿಗೆ,

ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಏನು ಬರೆಯಬೇಕೆಂದು ತಿಳಿಯದೆ ಎದ್ದೆ. ನೀವು ಬರೆದ ಹಾಗೆ ನಾನು ಅಷ್ಟು ದೊಡ್ಡವಳಲ್ಲ ಅತ್ತಿಗೆಮ್ಮ.

ಸೂರಪ್ಪ ಚಿಕ್ಕಪ್ಪ ಫೋನ್ ಮಾಡಿ, "ಮನೆತನದ ಹೆಸರು ಉಳಿಸಿದಿ ಮಗಳೆ" ಅಂದರು. ನಾನು ಹೂಂ ಅಂದೆ.

ಇವರದು ದಿನಾ ಒಂದು ತಮಾಷೆ. ಇನ್ಶೂರೆನ್ಸ್ ಆಫೀಸಿನಲ್ಲಿ "ನನ್ನ ಹೆಂಡ್ತಿ ಎಣ್ಣೆ ಬಿಟ್ಟಾಳೆ" ಅಂದರಂತೆ. ಮ್ಯಾನೇಜರ್ ಕನ್ನಡಕ ತೆಗೆದು, "ಮೊದ್ಲು ಹಾಕ್ತಿದ್ರೇನ್ರಿ ಅಶ್ವಥ್?" ಎಂದು ಕೇಳಿದರಂತೆ. ಇಡೀ ಆಫೀಸು ನಕ್ಕಿದೆ. ಮನೆಯಲ್ಲಿ ಒಗ್ಗರಣೆಯ ಸದ್ದೇ ಇಲ್ಲ, ವಾಸನೆಗಾದರೂ ಮಿರ್ಚಿ ಅಂಗಡಿಯ ಮುಂದೆ ಹೋಗಿ ನಿಲ್ಲಬೇಕು ಅನ್ನುತ್ತಾರೆ. ನಿಂತು ಸುಮ್ಮನೆ ಬರುವವರಲ್ಲ. ಅಂಗಿಯ ಮೇಲೆ ಮಂಡಕ್ಕಿಯ ಖಾರ ಅಂಟಿರುತ್ತದೆ.

ನಾನು ತುಂಬಾ ಇಳಿದಿದ್ದೇನೆ. ಹಳೆಯ ರವಿಕೆಗಳಿಗೆಲ್ಲ ಹೊಲಿಗೆ ಹಾಕಿಸಿ ಬಿಗಿ ಮಾಡಿಸಿಕೊಂಡೆ. ತೂಕ ಇಳಿಸಬೇಕೆಂದು ಡಾಕ್ಟರ್ ಹೇಳಿದ್ದರು, ಅದೂ ಆದ ಹಾಗಾಯಿತು.

ಸುಧಾ


ಹರಿಹರ
30 ಅಕ್ಟೋಬರ್ 2024

ಸುಧಾ,

ಸಂಜೆ ಏಳು. ಇವತ್ತು ನೀರು ತುಂಬುವ ಹಬ್ಬ. ನಮಗೆ ಈ ವರ್ಷ ಹಬ್ಬವಿಲ್ಲ, ಆದರೆ ಊರಿಗೆ ಇದೆ. ಬೆಳಗಿನಿಂದ ಗಾಣದ ಮುಂದೆ ಬಾಟಲಿ ಹಿಡಿದವರ ಸಾಲು.

ತೂಕ ಇಳಿದದ್ದು ಕೇಳಿ ಸಂತೋಷ. ಶ್ರದ್ಧೆಯಿಂದ ಬಿಟ್ಟರೆ ಮೈಯೂ ಹಗುರಾಗುತ್ತದೆ. ನಾಳೆ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೋ, ಅದಕ್ಕೇನೂ ಅಡ್ಡಿಯಿಲ್ಲ. ನೀನು ಬಿಟ್ಟದ್ದು ಬಾಯಿಗೆ, ತಲೆಗಲ್ಲ.

ನಗು ಬರುವಂಥದ್ದು ಒಂದು ನಡೆಯಿತು. ಆಶಾರಾಣಿ ಎಂದು ಒಬ್ಬ ಟೀಚರ್ ಬಂದಿದ್ದಳು. ದುಂಡಗೆ, ಮಾತು ಜೋರು.

"ಅಮ್ಮಾರೆ, ತಿಂದ್ರೆ ತೂಕ ಇಳಿಯೋ ಎಣ್ಣೆ ಯಾವುದೈತ್ರಿ?"

"ತಿಂದ್ರೆ ಇಳಿಯೋದು ಯಾವುದೂ ಇಲ್ಲವ್ವ" ಅಂದೆ.

"ಹಂಗಾದ್ರೆ ಏರದೇ ಇರೋದು ಕೊಡ್ರಿ."

ನಾನು ಗೋಡೆಯ ಮೇಲಿನ ಬೋರ್ಡು ತೋರಿಸಿದೆ. ನಿಮ್ಮ ಅಣ್ಣ ಬರೆಸಿದ್ದು, ನಿನಗೂ ಗೊತ್ತಲ್ಲ: "ಮರದ ಗಾಣದ ಶುದ್ಧ ಎಣ್ಣೆ. ಎಷ್ಟು ತಿಂದರೂ ಚಿಂತೆಯಿಲ್ಲ." ಅವರ ಹಾಗೆಯೇ ಕೈ ಬೀಸಿ, "ಗಾಣದ್ದಕ್ಕೆ ಅಳತೆ ಯಾಕ್ರಿ, ಸುರಕೊಂಡು ತಿನ್ರಿ" ಅಂದೆ. ಅವರ ಮಾತು ನನ್ನ ಬಾಯಿಂದ ಬಂದಾಗ ಮಕ್ತುಮ್ ಸಾಬ್ ತಲೆ ಎತ್ತಿ ನೋಡಿದರು. ಟೀಚರ್ ಎರಡು ಡಬ್ಬಿ ಒಯ್ದಳು.

ಆಮೇಲೆ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದೆ. ನೀನು ಅಲ್ಲಿ ಅವರಿಗಾಗಿ ಬಿಟ್ಟಿದ್ದೀಯ, ನಾನು ಇಲ್ಲಿ ಅವರ ಮಾತು ಹೇಳಿ ಮಾರುತ್ತಿದ್ದೇನೆ.

ಉಡಚಮ್ಮ


ವಿದ್ಯಾನಗರ
19 ಜನವರಿ 2025

ಅತ್ತಿಗೆಮ್ಮನವರಿಗೆ,

ನೀವು ಸಂಕ್ರಾಂತಿಯ ಹೊತ್ತಿಗೆ ಕಳಿಸಿದ ಸಜ್ಜೆ ರೊಟ್ಟಿ ತಲುಪಿತು. ಎಳ್ಳನ್ನು ಕೂಡ ಹಚ್ಚದೆ ಬಡಿದಿದ್ದೀರಿ. ಎಷ್ಟು ನೆನಪಿಟ್ಟು ಮಾಡಿದ್ದೀರಿ ಎಂದು ನೋಡುತ್ತ ಕೂತೆ.

ಒಂದು ವಿಷಯ ಕೇಳಬೇಕಿತ್ತು. ನಮ್ಮ ಹಾಸ್ಟೆಲಿನಲ್ಲಿ ಒಬ್ಬ ಹೆಂಗಸು ಇದ್ದಾರೆ. ಅವರೂ ಯಾರದೋ ಹೆಸರಿನಲ್ಲಿ ಎಣ್ಣೆ, ತುಪ್ಪ ಬಿಟ್ಟಿದ್ದಾರೆ, ಇನ್ನೂ ವರ್ಷವಾಗಿಲ್ಲ. ಅವರ ಡಾಕ್ಟರ್ ಬೈದರಂತೆ. ತೂಕ ಇಳಿಸುವುದೆಂದರೆ ಕೊಬ್ಬನ್ನು ಪೂರ್ತಿ ನಿಲ್ಲಿಸುವುದಲ್ಲ, ಒಳ್ಳೆಯದನ್ನು ಆರಿಸಿಕೊಂಡು ಅಳೆದು ತಿನ್ನುವುದು ಅಂದರಂತೆ. ಊಟಕ್ಕೆ ಒಂದು ಚಮಚ ಶೇಂಗಾ ಎಣ್ಣೆಯೋ ಕುಸುಬೆ ಎಣ್ಣೆಯೋ ಇರಲಿ, ಸ್ವಲ್ಪ ಅಗಸೆ ಚಟ್ನಿ, ಒಂದಿಷ್ಟು ಶೇಂಗಾ ಕಾಳು ಇರಲಿ, ಡಾಲ್ಡಾ ಮತ್ತು ಕಾಯಿಸಿದ್ದನ್ನೇ ಕಾಯಿಸಿದ ಎಣ್ಣೆ ಮಾತ್ರ ಬೇಡ, ಒಳ್ಳೆಯದೆಂದು ಮಿತಿ ಮೀರಿದರೆ ಅದೂ ತೂಕವೇ, ಎಂದು.

ಅವರು ಕೇಳುತ್ತಿದ್ದಾರೆ, ನಡುವೆ ಶುರು ಮಾಡಿದರೆ ತಪ್ಪಾಗುತ್ತದೆಯೇ? ಸತ್ತವರಿಗೆ ನೋವಾಗುತ್ತದೆಯೇ? ಇದೆಲ್ಲ ತಿಳಿದವರು ನಮ್ಮ ಅತ್ತಿಗೆ ಒಬ್ಬರೇ, ಕೇಳಿ ಹೇಳುತ್ತೇನೆ ಅಂದಿದ್ದೇನೆ. ಬೇಗ ಬರೆಯಿರಿ.

ಈ ಸಲ ಚಳಿ ಹೆಚ್ಚು ಅಲ್ಲವೆ? ಆಫೀಸಿನಲ್ಲಿ ಮಧ್ಯಾಹ್ನವೂ ಸ್ವೆಟರ್ ಹಾಕಿಕೊಂಡು ಕೂರುವವಳು ನಾನೊಬ್ಬಳೇ.

ಸುಧಾ


ಹರಿಹರ
21 ಜನವರಿ 2025

ಸುಧಾ,

ಮಧ್ಯಾಹ್ನ ಎರಡು ಗಂಟೆ. ತಾರಿಕ್ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ.

ಆ ಹೆಂಗಸಿಗೆ ಹೇಳು, ಬಿಡುವ ಮುಂಚೆ ಯೋಚನೆ ಮಾಡಬೇಕಿತ್ತು. ಸತ್ತವರ ಜೊತೆ ಚೌಕಾಸಿ ಮಾಡಬಾರದು. ನಾಲ್ಕು ತಿಂಗಳು ಬಿಟ್ಟು ಐದನೆಯದಕ್ಕೆ ನಾಲಿಗೆ ತುರಿಸಿ, ಡಾಕ್ಟರ್ ಹೆಸರು ಹೇಳುವುದು ಚೆಂದವಲ್ಲ. ಅಂಥವರು ಬಿಡದೇ ಇದ್ದಿದ್ದರೇ ಹೋದವರಿಗೆ ಮರ್ಯಾದೆ ಇರುತ್ತಿತ್ತು.

ನಿನ್ನನ್ನು ನೋಡಿ ಕಲಿಯಲಿ. ಇನ್ನು ಐದು ತಿಂಗಳು, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಬರುತ್ತದೆ.

ಇಲ್ಲಿ ಅಂಥ ಚಳಿಯೇನಿಲ್ಲ.

ಉಡಚಮ್ಮ


ಹರಿಹರ
23 ಫೆಬ್ರುವರಿ 2025

ಸುಧಾ,

ಎರಡು ಚೀಟಿ ಕಳಿಸಿದೆ, ಉತ್ತರವಿಲ್ಲ. ನಿನ್ನೆ ನಿಮ್ಮ ಮನೆಗೆ ಬೀಗ ಇತ್ತೆಂದು ತಾರಿಕ್ ಹೇಳಿದ. ಮೊನ್ನೆ ಬಂದಾಗಲೂ ಬೀಗವೇ. ಇವತ್ತು ಧೈರ್ಯ ಮಾಡಿ ಫೋನ್ ಹಚ್ಚಿದೆ, ರಿಂಗಾಗಿ ನಿಂತಿತು. ನೀನು ಎತ್ತಲಿಲ್ಲವಲ್ಲ ಎಂದು ಬೇಸರವಾಯಿತು, ಎತ್ತಿ "ಹಲೋ" ಅನ್ನಲಿಲ್ಲವಲ್ಲ ಎಂದು ಸಮಾಧಾನವೂ ಆಯಿತು. ಎಂಥ ಮನಸ್ಸು ನೋಡು.

ಎಲ್ಲಿಗಾದರೂ ಹೋಗಿದ್ದೀರಾ? ಒಂದು ಸಾಲು ಬರೆ.

ಉಡಚಮ್ಮ


ವಿದ್ಯಾನಗರ
3 ಮಾರ್ಚ್ 2025

ಅತ್ತಿಗೆಮ್ಮನವರಿಗೆ,

ಹೊಟ್ಟೆನೋವು ಬಂದಿತ್ತು. ಬಲಗಡೆ, ಪಕ್ಕೆಯ ಕೆಳಗೆ, ಬೆನ್ನಿನವರೆಗೂ. ಗ್ಯಾಸ್ ಅಂದುಕೊಂಡು ಜೀರಿಗೆ ನೀರು ಕುಡಿಯುತ್ತ ದಿನ ತಳ್ಳಿದೆ. ತಡೆಯಲಾರದೆ ಆಸ್ಪತ್ರೆಗೆ ಹೋದಾಗ ಪಿತ್ತಕೋಶದಲ್ಲಿ ಕಲ್ಲು ಅಂದರು, ಒಳಗೆ ಕೀವೂ ಆಗಿತ್ತು. ಪಿತ್ತಕೋಶವನ್ನೇ ತೆಗೆದುಹಾಕಿದರು. ಈಗ ಮನೆಗೆ ಬಂದಿದ್ದೇನೆ, ಚೆನ್ನಾಗಿದ್ದೇನೆ.

ನೀವು ಬರುವುದು ಬೇಡ, ಗಾಣ ನಿಲ್ಲುತ್ತದೆ. ಇದರಲ್ಲಿ ಯಾವುದೂ ನಿಮ್ಮಿಂದ ಆದದ್ದಲ್ಲ.

ಸುಧಾ


ಹರಿಹರ
8 ಮಾರ್ಚ್ 2025

ಸುಧಾ,

ಸಂಜೆ ಐದು. ಇವತ್ತು ಏನನ್ನೂ ಮಾಡಿಲ್ಲ. ಬೆಳಿಗ್ಗೆ ಅಶ್ವಥ್ ಬಂದು ಹೋದ ಮೇಲೆ ಕೂತಲ್ಲೇ ಕೂತಿದ್ದೇನೆ.

"ನಿಮ್ಮಿಂದ ಆದದ್ದಲ್ಲ" ಎಂದು ನೀನು ಬರೆದಾಗ, ನನ್ನಿಂದ ಯಾಕಾದೀತು, ಇವಳು ಹೀಗೇಕೆ ಬರೆದಳು ಎಂದು ಯೋಚಿಸಿದ್ದೆ. ತಿಳಿದಿರಲಿಲ್ಲ.

ಅಶ್ವಥ್ ಬಂದವರು ಕೂಡ್ರಲಿಲ್ಲ. ನಿಂತೇ, "ಅಕ್ಕಾರೆ, ಒಂದು ಸಣ್ಣ ಡಬ್ಬಿ ಶೇಂಗಾ ಎಣ್ಣೆ ಕೊಡ್ರಿ. ದುಡ್ಡು ತಗೊಳ್ರಿ" ಅಂದರು.

"ಮನೆಯವರ ಹತ್ರ ದುಡ್ಡು ತಗೋತಾರೇನ್ರಿ? ಕೂಡ್ರಿ ಮೊದ್ಲು."

"ಮನೆಯವರು ಕೊಟ್ಟ ಡಬ್ಬಿ ಹೆಂಗೆ ಬಂತೋ ಹಂಗೇ ವಾಪಸ್ ಹೋಗತೈತೆ. ಕೊಂಡಿದ್ದಾದ್ರೆ ಮನೇಲಿ ನಿಲ್ತೈತೆ. ಆಕಿಗೆ ಸ್ವಲ್ಪ ಸ್ವಲ್ಪ ಎಣ್ಣೆ ಶುರು ಮಾಡ್ರಿ ಅಂದಾರ ಡಾಕ್ಟ್ರು."

"ಇನ್ನು ಮೂರು ತಿಂಗಳು ಐತಲ್ರಿ. ಆಕಿ ಅಣ್ಣನ ಹೆಸರಿನಾಗ ಬಿಟ್ಟಾಳ."

ಅವರು ನಕ್ಕರು, ಆದರೆ ನಗುವಾಗಿರಲಿಲ್ಲ. "ಯಾರು ಹೇಳಿದ್ದು ನಿಮಗೆ?"

"ಆಕೀನೇ ಬರೆದಾಳ. ಚೀಟಿ ಐತಿ ನನ್ನ ಹತ್ರ."

"ಎಣ್ಣೆ ಬಿಟ್ಟೀನಿ ಅಂತ ಬರೆದಾಳ. ಯಾಕ ಅಂತ ಬರೆದಾಳೇನು? ಆಕಿ ತೂಕ ಇಳಿಸಾಕ ಬಿಟ್ಟಿದ್ಲು ಅಕ್ಕಾರೆ, ಹೆದರಿ ಬಿಟ್ಟಿದ್ಲು. ಅದನ್ನ ವ್ರತ ಮಾಡಿದವರು ನೀವು. ಮಾಡಿ ಮಲೆಬೆನ್ನೂರಿನ ತನಕ ಡಂಗುರ ಹೊಡೆದ್ರಿ."

ಮಕ್ತುಮ್ ಸಾಬ್ ಗಾಣದ ಸ್ವಿಚ್ ಆರಿಸಿ ಹೊರಗೆ ಹೋದರು. ಆ ಸದ್ದು ನಿಂತಾಗ ನನಗೆ ಇನ್ನೂ ಕಷ್ಟವಾಯಿತು.

"ಮತ್ತೆ ಹಾಸ್ಟೆಲಿನ ಹೆಂಗಸು ಯಾರು ಅಂತ ತಿಳಿದಿದ್ರಿ ನೀವು?" ಎಂದು ಕೇಳಿದರು. "ನಿಮ್ಮ ಉತ್ತರ ಬಂದ ದಿನ ನಾನೇ ಆಕಿಗೆ ಓದಿ ಹೇಳಿದ್ದು. ಚಮಚದಾಗ ಎಣ್ಣೆ ಅಳೆದು ಇಟ್ಟಿದ್ಲು ಅಡುಗೆ ಕಟ್ಟೆ ಮ್ಯಾಲೆ. ಕೇಳಿ ಎದ್ದು ಹೋಗಿ ದೀಪಕ್ಕೆ ಸುರಿದ್ಲು."

ಡಬ್ಬಿ ಕೊಟ್ಟೆ. ದುಡ್ಡು ತೆಗೆದುಕೊಂಡೆ ಸುಧಾ. ತೆಗೆದುಕೊಳ್ಳದೆ ಇದ್ದರೆ ಅವರು ಒಯ್ಯುತ್ತಿರಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಸಿಟ್ಟಿಗೆ ಅಂದೆ, ಮನಸ್ಸಿಗೆ ಹಚ್ಕೋಬ್ಯಾಡ್ರಿ ಅಕ್ಕಾರೆ" ಅಂದರು. ಹಚ್ಚಿಕೊಳ್ಳದೆ ಇರುವುದು ಹೇಗೆ?

ನೀನು ಹೆದರಿ ಬಿಟ್ಟಿದ್ದೆ ಅಂದರು. ಯಾವುದರ ಹೆದರಿಕೆ ಎಂದು ಕೇಳಿದೆ, ಆಕೀನ್ನೇ ಕೇಳ್ರಿ ಅಂದರು. ನೀನೇ ಬರೆ. ಏನಿದ್ದರೂ ಬರೆ.

ಉಡಚಮ್ಮ


ವಿದ್ಯಾನಗರ
20 ಮಾರ್ಚ್ 2025

ಅತ್ತಿಗೆಮ್ಮನವರಿಗೆ,

ಇವರು ಬಂದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಿಡುತ್ತಿರಲಿಲ್ಲ.

ಕೇಳಿದ್ದೀರಿ, ಬರೆಯುತ್ತೇನೆ. ಅಣ್ಣನದೂ ನನ್ನದೂ ಒಂದೇ ಮೈಕಟ್ಟು. ಅದೇ ಹೊಟ್ಟೆ, ಅದೇ ಕುತ್ತಿಗೆ, ಮೆಟ್ಟಿಲು ಹತ್ತಿದರೆ ಅದೇ ಏದುಸಿರು. ಅವನು ಹೋಗುವ ಎರಡು ವಾರ ಮುಂಚೆ ನನ್ನ ರಕ್ತ ಪರೀಕ್ಷೆ ನೋಡಿ ಡಾಕ್ಟರ್ ತೂಕ ಇಳಿಸಲು ಹೇಳಿದ್ದರು. ಆಮೇಲೆ ಅವನು ಹೋದ. ಗಾಣದ ಪಕ್ಕದಲ್ಲಿ, ಎಣ್ಣೆಯ ಅಂಗಿಯಲ್ಲೇ. ಅವನನ್ನು ಮಲಗಿಸಿದ್ದಾಗ ನಾನು ಗೋಡೆಯ ಮೇಲಿನ ಆ ಬೋರ್ಡನ್ನೇ ನೋಡುತ್ತಿದ್ದೆ. ಈ ಎಣ್ಣೆಯೇ ನನ್ನ ಅಣ್ಣನನ್ನು ತಿಂದಿತು ಅನ್ನಿಸಿತು. ಹಾಗಲ್ಲ ಎಂದು ಬುದ್ಧಿ ಹೇಳಿದರೂ ಮನಸ್ಸು ಕೇಳಲಿಲ್ಲ. ಮನೆಗೆ ಬಂದವಳೇ ಎಲ್ಲವನ್ನೂ ಬಿಟ್ಟೆ. ಒಳ್ಳೆಯ ಎಣ್ಣೆ ಯಾವುದು, ಕೆಟ್ಟದ್ದು ಯಾವುದು ಎಂದು ನೋಡಲಿಲ್ಲ.

ಇದನ್ನು ನಿಮಗೆ ಹೇಗೆ ಬರೆಯುವುದು? ನೀವು ಉಣ್ಣುವುದು ಅದರಿಂದಲೇ. ಅವನು ಬಿಟ್ಟುಹೋದದ್ದೂ ಅದೊಂದೇ. ನೀವು ಅದನ್ನು ವ್ರತ ಎಂದು ತಿಳಿದಾಗ ನನಗೆ ಅಡಗಿಕೊಳ್ಳಲು ಜಾಗ ಸಿಕ್ಕಿತು. ನಿಮ್ಮ ಎದೆ ಹಗುರಾಯಿತು ಎಂದು ಬರೆದಿರಲ್ಲ, ಅದಾದ ಮೇಲೆ ಹೊರಗೆ ಬರಲು ಆಗಲಿಲ್ಲ.

ಬರೀ ಇದರಿಂದಲೇ ಕಲ್ಲಾಯಿತು ಎಂದು ಡಾಕ್ಟರ್ ಕೂಡ ಖಚಿತವಾಗಿ ಹೇಳುವುದಿಲ್ಲ. ಕೊಬ್ಬು ಹೊಟ್ಟೆಗೆ ಬಂದಾಗ ಪಿತ್ತಕೋಶ ಹಿಂಡಿಕೊಂಡು ಖಾಲಿಯಾಗುತ್ತದಂತೆ. ಏನೂ ಬಾರದೆ ಇದ್ದರೆ ಪಿತ್ತ ಅಲ್ಲೇ ನಿಲ್ಲುತ್ತದೆ, ತೂಕವೂ ಬೇಗ ಬೇಗ ಇಳಿದರೆ ಹೀಗೆ ಗಟ್ಟಿಯಾಗುವುದುಂಟು ಅಂದರು.

ಇವರು ತಂದ ಡಬ್ಬಿ ಕಪಾಟಿನಲ್ಲಿದೆ. ಮುಚ್ಚಳ ತೆಗೆದರೆ ಅಣ್ಣನ ಅಂಗಿಯ ವಾಸನೆ. ಮುಚ್ಚಿ ಇಡುತ್ತೇನೆ. ಈಗ ಹೆದರಿಕೆಯೂ ಅಲ್ಲ, ವ್ರತವೂ ಅಲ್ಲ. ಚಮಚ ಎತ್ತಲು ಕೈ ಬರುವುದಿಲ್ಲ, ಅಷ್ಟೆ. ನಿನ್ನೆಯೂ ಬರಿಯ ಅನ್ನ, ತಿಳಿಸಾರು ಉಂಡೆ. ಇವರು ತಾಟನ್ನು ತಳ್ಳಿ ಎದ್ದು ಹೋದರು.

ನನ್ನ ಮೇಲೆ ಕೋಪ ಮಾಡಿಕೊಳ್ಳಿ. ಆದರೆ ಬರೆಯುವುದನ್ನು ನಿಲ್ಲಿಸಬೇಡಿ.

ಸುಧಾ


ಹರಿಹರ
16 ಏಪ್ರಿಲ್ 2025

ಸುಧಾ,

ಮಧ್ಯಾಹ್ನ ಮೂರೂವರೆ. ಬಿಸಿಲು ಜೋರು. ಬೆಳಿಗ್ಗೆ ಕುಸುಬೆ ಆಡಿಸಿದೆವು, ಮಕ್ತುಮ್ ಸಾಬ್ ಈಗ ಒಳಗಿನ ಹಿಂಡಿ ಬಿಡಿಸುತ್ತಿದ್ದಾರೆ. ದಿನಾ ತೆಗೆದರೆ ಅದು ಕೈಗೆ ಮೆತ್ತಗೆ ಬರುತ್ತದೆ.

ಇಷ್ಟು ದಿನ ಬರೆಯಲಿಲ್ಲ. ಕೋಪದಿಂದಲ್ಲ. ನೀನು ನಿಲ್ಲಿಸಬೇಡಿ ಎಂದು ಕೇಳಿಯೂ ನಾನು ನಿಲ್ಲಿಸಿದೆ, ಅದಕ್ಕೂ ಸೇರಿ ಈಗ ಬರೆಯುತ್ತಿದ್ದೇನೆ.

ಪಿತ್ತ ನಿಂತಲ್ಲೇ ಗಟ್ಟಿಯಾಗುತ್ತದೆ ಎಂದು ನೀನು ಬರೆದ ಸಾಲು ಓದಿದಾಗ ಆ ಆಗಸ್ಟಿನ ದಿನ ಕಣ್ಣ ಮುಂದೆ ಬಂತು. ನಿಂತ ಗಾಣದಲ್ಲಿ ಹಿಂಡಿ ಕಲ್ಲಾದದ್ದನ್ನು ನಿನಗೆ ಬರೆದವಳು ನಾನೇ. ಅದೇ ವಾರ, ಒಳ್ಳೆಯದು, ಹಾಗೇ ನಿಲ್ಲಿಸು ಎಂದು ನಿನಗೆ ಹೇಳಿದವಳೂ ನಾನೇ. ಚಳಿ ಹೆಚ್ಚು ಎಂದು ನೀನು ಬರೆದೆ, ಇಲ್ಲಿ ಚಳಿಯಿಲ್ಲ ಎಂದು ಉತ್ತರ ಬರೆದೆ. ನೀನು ಹೇಗಿದ್ದೀಯ ಎಂದು ಒಂದು ಸಲವೂ ಕೇಳಲಿಲ್ಲ. ಹದಿನಾಲ್ಕು ಕಿಲೋಮೀಟರ್ ದೂರಕ್ಕೆ ಬಂದು ನಿನ್ನ ಮುಖ ನೋಡಲಿಲ್ಲ. ನೋಡಿದ್ದರೆ ತಿಳಿಯುತ್ತಿತ್ತು.

ಚೌಕಾಸಿ ಎಂಬ ಮಾತು ಬರೆದೆನಲ್ಲ, ಅದು ಮನಸ್ಸಿನಿಂದ ಹೋಗುತ್ತಿಲ್ಲ. ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ನೀನು ಆ ಚೀಟಿಯನ್ನು ಇಟ್ಟುಕೊಂಡಿದ್ದರೆ ಒಲೆಗೆ ಹಾಕು.

ಹೋದ ವಾರ ನಿಮ್ಮ ಅಣ್ಣನನ್ನು ನೋಡುತ್ತಿದ್ದ ಡಾಕ್ಟರ ಹತ್ತಿರ ಹೋಗಿದ್ದೆ. "ನಮ್ಮ ಎಣ್ಣೆ ತಿಂದೇ ಹಿಂಗಾತೇನ್ರಿ ಸಾಹೇಬ್ರೆ?" ಎಂದು ನೇರವಾಗಿ ಕೇಳಿದೆ. ಅವರು ಪಾಪ, ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಹೇಳಿದರು. ಬಿ.ಪಿ. ಇತ್ತು, ತಂಬಾಕು ಇತ್ತು, ತೂಕ ಇತ್ತು, ನಿಮ್ಮ ಅಪ್ಪನಿಗೂ ಅದೇ ಕಾಯಿಲೆ ಇತ್ತು. ಇಂಥದ್ದೇ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ ಅಂದರು. "ಶೇಂಗಾ ಎಣ್ಣೆ ಕೆಟ್ಟದ್ದಲ್ಲಮ್ಮ. ಆದ್ರೆ ಯಾವ ಎಣ್ಣೇನೂ ಅಳತೆ ಇಲ್ದೆ ತಿನ್ನೋ ಅಂಥದ್ದಲ್ಲ" ಅಂದರು. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ. ನೀನು ಅಂದುಕೊಂಡದ್ದು ಪೂರ್ತಿ ಸುಳ್ಳು ಎಂದು ನಾನು ಹೇಳಲಾರೆ, ನಿಜ ಎಂದೂ ಹೇಳಲಾರೆ. ಬಡಿಸಿದ ಕೈ ನನ್ನದು.

ಮೊನ್ನೆ ಆಶಾರಾಣಿ ಟೀಚರ್ ಬಂದಿದ್ದಳು. ಬಂದವಳೇ ಗಾಣದ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಸುರಕೊಂಡು ತಿನ್ರಿ ಅಂದ್ರಲ್ಲ ಅಮ್ಮಾರೆ, ಸುರಕೊಂಡೆ. ನೋಡ್ರಿ ಈಗ! ಸ್ಕೂಟರ್ ಮ್ಯಾಲೆ ನಮ್ಮನೆಯವ್ರಿಗೆ ಜಾಗ ಇಲ್ದಂಗಾಗೈತೆ." ಅಲ್ಲಿದ್ದವರೆಲ್ಲ ನಕ್ಕರು. ನನಗೆ ನಗಲು ಆಗಲಿಲ್ಲ. "ತಪ್ಪಾತವ್ವ. ಗಾಣದ್ದಾದ್ರೂ ಎಣ್ಣೆ ಎಣ್ಣೇನೇ, ಚಮಚದಾಗ ಅಳೆದು ಹಾಕು" ಅಂದೆ. ಅವಳು ಗಾಬರಿಯಾಗಿ, "ಅಯ್ಯ, ನಾನು ತಮಾಷೆಗೆ ಅಂದೆ, ಅಳತೀರಿ ಯಾಕ" ಅಂದಳು. ಅರ್ಧ ಡಬ್ಬಿ ಮಾತ್ರ ಕೊಟ್ಟು ಕಳಿಸಿದೆ.

ಆ ಸಂಜೆ ಬೋರ್ಡು ಬರೆಯುವ ಉಜ್ಜನಪ್ಪನನ್ನು ಕರೆಸಿದೆ. ಪೂರ್ತಿ ಅಳಿಸುವುದೇ ಎಂದು ಕೇಳಿದ. ಅವರು ಏಣಿ ಹಿಡಿದು ನಿಂತು ಬರೆಸಿದ್ದು ನೆನಪಾಯಿತು. ಮೊದಲ ಸಾಲು ಇರಲಿ ಅಂದೆ. ಎರಡನೆಯ ಸಾಲಿನ ಮೇಲೆ ಬಿಳಿ ಬಣ್ಣ ಬಳಿದ. ಆದರೂ ಬಿಸಿಲು ಬಿದ್ದಾಗ ಒಳಗಿನಿಂದ "ಚಿಂತೆಯಿಲ್ಲ" ಅನ್ನುವುದು ತುಸು ಕಾಣುತ್ತದೆ. ಇನ್ನೊಂದು ಸಲ ಬಳಿಯಬೇಕಂತೆ.

ರಂಗವ್ವನಿಗೆ ಹೇಳಿದ್ದೇನೆ, ನಿಮ್ಮ ಸೂರಪ್ಪ ಚಿಕ್ಕಪ್ಪನವರಿಗೂ ಹೇಳಿಕಳಿಸಿದ್ದೇನೆ. ಸುಧಾ ಬಿಟ್ಟದ್ದು ಮುಗಿಯಿತು, ಮುಗಿಸಿದವಳು ನಾನು ಎಂದು. "ವರ್ಷ ಆಗಿಲ್ಲಲ್ಲ ಉಡಚವ್ವ?" ಎಂದು ರಂಗವ್ವ ಕೇಳಿದಳು. "ಮನೆಯ ಹಿರಿಯ ಸೊಸೆ ನಾನು, ನಾ ಹೇಳಿದಾಗ ವರ್ಷ" ಅಂದೆ. ಹೋದವರಿಗೆ ನೋವಾಗುತ್ತದೆಯೇ ಎಂದು ಜನವರಿಯಲ್ಲಿ ನೀನು ಕೇಳಿದ್ದೆ. ಆವತ್ತು ಬರೆಯಬೇಕಾಗಿದ್ದ ಉತ್ತರ ಇದು: ತಂಗಿ ಉಪವಾಸ ಕೂತರೆ ಅವರಿಗೆ ನೋವಾಗುತ್ತದೆ. ಅವರು ಹತ್ತು ಸಲ ಕೇಳುತ್ತಿದ್ದದ್ದು ಒಂದೇ ಮಾತು, ಸುಧಾ ಉಂಡಳಾ ಎಂದು.

ನಮ್ಮ ಗಾಣದ ವಾಸನೆ ನಿನಗೆ ಆಗದಿದ್ದರೆ ಆ ಡಬ್ಬಿಯನ್ನು ಯಾರಿಗಾದರೂ ಕೊಟ್ಟುಬಿಡು. ಅಂಗಡಿಯಿಂದ ಬೇರೆ ಎಣ್ಣೆ ತರಿಸು. ಸೂರ್ಯಕಾಂತಿಯಾದರೂ ಸರಿ, ಎಳ್ಳೆಣ್ಣೆಯಾದರೂ ಸರಿ, ನಿನ್ನ ಡಾಕ್ಟರನ್ನು ಕೇಳಿ ಆರಿಸು. ಗಾಣದ ಮನೆಯ ಮಗಳು ಅಂಗಡಿ ಎಣ್ಣೆ ತಿನ್ನುತ್ತಾಳೆ ಎಂದು ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸು. ಆದರೆ ಬರಿಯ ಅನ್ನ ಉಣ್ಣಬೇಡ. ನಿನಗೆ ಚಮಚ ಎತ್ತಲು ಕೈ ಬರದಿದ್ದರೆ ನಾನು ಬಂದು ನಿನ್ನ ತಾಟಿಗೆ ಎಣ್ಣೆ ಬಿಡುತ್ತೇನೆ. ಒಂದೇ ಚಮಚ, ಅಳೆದು.

ಅದಕ್ಕೆ ಜೂನ್ ತನಕ ಕಾಯುವುದಿಲ್ಲ. ಈ ಪತ್ರವನ್ನು ತಾರಿಕ್ ಈಗಲೇ ತರುತ್ತಾನೆ. ಬಾಗಿಲು ತೆಗೆದು ನೀನು ಮಾತಾಡಿದರೆ ಅವರದೇ ದನಿ ಕೇಳಿಸುತ್ತದೆ, ಕೇಳಿಸಲಿ, ಒಳಗೆ ಬರುತ್ತೇನೆ.

ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಮ್ಮ ಓಣಿಯಲ್ಲಿ ಕರೆಂಟ್ ಇರುವುದಿಲ್ಲ. ಗಾಣ ಇಲ್ಲ, ಊಟದ ಹೊತ್ತಿಗೆ ಬರುತ್ತೇನೆ.

ಉಡಚಮ್ಮ